ಜೆಟ್ ಸ್ಪ್ರೇ ಒತ್ತಡ, ಸೋರಿಕೆ ಹಾಗೂ ತತ್ಸಂಬಂಧಿ ಗೃಹಶಿಸ್ತು

ನೀರೊತ್ತಡ ನಿರ್ವಹಣಾ ವಿಭಾಗ (ಶೌಚ ಶಾಖೆ)
ಮೇಲ್ಮಹಡಿ ಮನೆ

ಸಂಖ್ಯೆ: ನೀನಿವಿ/ಶೌಚ/ಸೋರಿಕೆ/೩

ವಿಷಯ: ಕಮೋಡ್ ಪಕ್ಕದ ಜೆಟ್ ಸ್ಪ್ರೇಗೆ ತಕ್ಕ ಒತ್ತಡ ಆರಿಸುವ ಹಾಗೂ ಸೋರಿಕೆ ತಡೆಯುವ ಬಗ್ಗೆ.

ಉಲ್ಲೇಖ: ೧) ಕೆಳಮನೆಯವರು ಮೆಟ್ಟಿಲ ಬಳಿ ಸಲ್ಲಿಸಿದ, ಪೂರ್ತಿಯಾಗಿ ಬರೆದಿಡಲು ಯೋಗ್ಯವಲ್ಲದ ಮೌಖಿಕ ದೂರು.
೨) ಭಾವಮೈದುನರ ಒದ್ದೆ ಅಂಗಿ.

ನೀರು ನೂಲಿನಂತೆ ಬರುತ್ತಿದೆಯೆಂದು ಮನಗಂಡ ಮನೆಯ ಯಜಮಾನರು (ಇನ್ನು ಮುಂದೆ ‘ಮುಖ್ಯಸ್ಥರು’), ನೌಕರಿಯಿಂದ ನಿವೃತ್ತರಾದರೂ ಆಡಳಿತದಿಂದ ನಿವೃತ್ತರಾಗದೆ, ಯಾರನ್ನೂ ಕೇಳದೆ ಪ್ರೆಶರ್ ಪಂಪ್ ಕೂರಿಸಿರುತ್ತಾರೆ. ತರುವಾಯದ ಘಟನೆಗಳ ಹಿನ್ನೆಲೆಯಲ್ಲಿ ಸಮಸ್ತ ಸದಸ್ಯರ ಗಮನಕ್ಕೆ ತರಲಾಗುವುದೇನೆಂದರೆ:

೧. ಒತ್ತಡವನ್ನು ಅರ್ಹತೆಯ ಮೇರೆಗೆ ಮಂಜೂರು ಮಾಡಲಾಗಿದೆ. ಅತಿಥಿಗಳಿಗೆ ತುಂತುರು, ಕಾಯಂ ಸದಸ್ಯರಿಗೆ ಧಾರೆ. ಪೂರ್ಣ ಒತ್ತಡವು ಮುಖ್ಯಸ್ಥರಿಗೆ ಮಾತ್ರ. ಭಾವಮೈದುನರು ಅತಿಥಿಯಾಗಿದ್ದೂ ಪೂರ್ಣ ಒತ್ತಡ ಬಳಸಿ ಕತ್ತಿನವರೆಗೆ ನೆನೆದದ್ದು ನಿಯಮಬಾಹಿರ.

೨. ಬಳಸುವ ಮುನ್ನ ಸ್ಪ್ರೇಯನ್ನು ಗೋಡೆಯ ಕಡೆ ಹಿಡಿದು ಪರೀಕ್ಷಿಸತಕ್ಕದ್ದು. ಬಾಗಿಲ ಕಡೆ ಹಿಡಿಯಬಾರದು. ಬಾಗಿಲಾಚೆ ಸರದಿಯವರು ನಿಂತಿರುತ್ತಾರೆ.

೩. ಕೆಲಸ ಮುಗಿದ ಮೇಲೆ ಗೋಡೆಯ ಕಾಕ್ ತಿರುಗಿಸಿ ಮುಚ್ಚತಕ್ಕದ್ದು. ಸ್ಪ್ರೇಯ ಗುಂಡಿ ಬಿಟ್ಟರೆ ಸಾಲದು, ಪೈಪಿನೊಳಗೆ ಒತ್ತಡ ನಿಂತು ಅದು ಉಬ್ಬಿ ಬಿರಿಯುತ್ತದೆ. ಕಾಕ್ ಮುಚ್ಚದೆ ಹೊರಬಂದವರನ್ನು ‘ಸೋರಿಕೆದಾರರು’ ಎಂದು ಊಟದ ಹೊತ್ತಿಗೆ ಎಲ್ಲರೆದುರು ಘೋಷಿಸಲಾಗುವುದು.

೪. ಹನಿಯ ಕೆಳಗೆ ಡಬ್ಬ ಇಡುವುದನ್ನು ದುರಸ್ತಿಯೆಂದು ಪರಿಗಣಿಸಲಾಗದು. ಮುಖ್ಯಸ್ಥರೇ ಇಟ್ಟ ಡಬ್ಬಕ್ಕೆ ಇದು ಅನ್ವಯಿಸುವುದಿಲ್ಲ. ಪೈಪಿಗೆ ಅವರು ಸುತ್ತಿರುವ ಹಳೆ ಬನಿಯನ್ ಚೂರನ್ನು ನೋಡಿ ನಗುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

೫. ಪ್ಲಂಬರ್ ಕರೆಸುವ ಪ್ರಸ್ತಾವವನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಪೈಪಿನ ಗುಣಮಟ್ಟವೇ ಸರಿಯಿಲ್ಲವೆಂದು ಮುಖ್ಯಸ್ಥರು ಷರಾ ಬರೆದಾಗ, ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ಅಡುಗೆಮನೆಯಿಂದ ಕೇಳಿಬಂತು. ಮನೆಯಾಕೆಯ ಸದರಿ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಿಕೊಂಡಿಲ್ಲ.

೬. ಇಷ್ಟೆಲ್ಲದರ ನಡುವೆ ಸ್ಪ್ರೇಯನ್ನು ಅತಿ ಕಡಿಮೆ ಬಳಸಿದ ಮುಖ್ಯಸ್ಥರ ತಾಯಿಯವರನ್ನು (ಇನ್ನು ಮುಂದೆ ‘ಅಜ್ಜಿ’) ಮಾದರಿ ಸದಸ್ಯೆಯೆಂದು ಗುರುತಿಸಿ, ಪ್ರಶಂಸಾಪತ್ರ ನೀಡಲು ತೀರ್ಮಾನಿಸಲಾಗಿತ್ತು. ಪತ್ರ ಹಿಡಿದು ಮುಖ್ಯಸ್ಥರು ಅವರ ಕೋಣೆಗೆ ಹೋದಾಗ, ಹಾಸಿಗೆ ಪಕ್ಕದ ನೀರಿನ ಹೂಜಿ ತುಂಬಿದಂತೆಯೇ ಇತ್ತು. ಅಜ್ಜಿಯವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನೀರು ಕುಡಿದ್ರೆ ತಾನೆ ಅಲ್ಲಿಗೆ ಹೋಗ್ಬೇಕಾಗೋದು? ಕುಡಿಯೋದನ್ನೇ ಬಿಟ್ಟಿದೀನಿ ಕಣೋ. ಆ ಪೈಪು ಹಾವಿನ ಥರ ಎದ್ದು ಬರುತ್ತೆ, ನಂಗೆ ಭಯ.”

೭. ಅಜ್ಜಿಯವರಿಗೆ ಇತ್ತೀಚೆಗೆ ಬರುತ್ತಿದ್ದ ತಲೆಸುತ್ತನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಮುಕ್ತಾಯಗೊಳಿಸಲಾಗಿತ್ತು. ಸದರಿ ಕಡತವನ್ನು ಮರುತೆರೆಯಲಾಗಿದೆ. ಅಂದು ಮುಖ್ಯಸ್ಥರಿಗೆ ಊಟ ಸೇರಲಿಲ್ಲ. ಬಾಯಾರಿಕೆಗೆ ಪ್ರಶಂಸಾಪತ್ರ ಕೊಡಹೊರಟ ಕಾರ್ಯಾಲಯವು ತನಗೆ ತಾನೇ ನಾಚಿಕೊಂಡಿದೆಯೆಂದು ಈ ಮೂಲಕ ಸೂಚಿಸಲಾಗಿದೆ.

೮. ಆದಕಾರಣ ಕಲಂ ೧, ೪ ಮತ್ತು ೫ನ್ನು ಹಿಂಪಡೆಯಲಾಗಿದೆ. ಪ್ಲಂಬರ್ ಬರುತ್ತಿದ್ದಾರೆ. ಹಳೇ ಕಾಲದ್ದೆಂದು ಅಟ್ಟಕ್ಕೆ ಎಸೆದಿದ್ದ ಅಜ್ಜಿಯವರ ಬಕೆಟ್ ಮತ್ತು ಮಗ್ಗನ್ನು ಸಗೌರವವಾಗಿ ಮರುನೇಮಕ ಮಾಡಲಾಗಿದೆ. ಇನ್ನು ಮುಂದೆ ಒತ್ತಡದ ಅಳತೆಗೋಲು ಅಜ್ಜಿಯವರ ಅಂಗೈ. ಅವರು ಅಂಗೈ ಒಡ್ಡಿದಾಗ ಕಾಕ್ ಅನ್ನು ನಿಧಾನವಾಗಿ ತಿರುಗಿಸಿ, “ಸಾಕು” ಎಂದಲ್ಲಿಗೆ ನಿಲ್ಲಿಸತಕ್ಕದ್ದು. ಅದಕ್ಕಿಂತ ಹೆಚ್ಚಿನ ಒತ್ತಡ ಮುಖ್ಯಸ್ಥರಿಗೂ ಇಲ್ಲ.

(ಸಹಿ ಇದೆ, ನೀರು ತಾಗಿ ಕದಡಿದೆ)
ಮುಖ್ಯಸ್ಥರು,
ನೀರೊತ್ತಡ ನಿರ್ವಹಣಾ ವಿಭಾಗ

ಪ್ರತಿಗಳು:
೧. ಮನೆಯಾಕೆಗೆ: ಗಾದೆಯನ್ನು ಕಡತಕ್ಕೆ ಸೇರಿಸಲಾಗಿದೆ ಎಂಬ ಮಾಹಿತಿಯೊಂದಿಗೆ.
೨. ಭಾವಮೈದುನರಿಗೆ: ಒಣಗಿಸಿ ಇಸ್ತ್ರಿ ಮಾಡಿದ ಅಂಗಿಯೊಂದಿಗೆ.
೩. ಕೆಳಮನೆಯವರಿಗೆ: ಅವರ ಚಾವಣಿ ಒಣಗಿದ ನಂತರ.
೪. ಶೌಚಗೃಹದ ಬಾಗಿಲಿಗೆ: ಒಳಬದಿಯಲ್ಲಿ, ಕೂತವರ ಕಣ್ಣಿನ ಎತ್ತರಕ್ಕೆ.
೫. ಅಜ್ಜಿಯವರಿಗೆ: ಮುಖ್ಯಸ್ಥರ ಸ್ವಹಸ್ತದಿಂದ, ಒಂದು ಲೋಟ ನೀರಿನೊಂದಿಗೆ. ಲೋಟ ಖಾಲಿಯಾಗುವವರೆಗೆ ಮುಖ್ಯಸ್ಥರು ಅಲ್ಲೇ ಕೂತಿರತಕ್ಕದ್ದು.