ದೊಡ್ಡಣ್ಣನ ಕೆಂಪು ಕಣ

ರಕ್ತನಿಧಿಯ ಹಿರಿಯ ತಂತ್ರಜ್ಞನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ರೋಗಿಗಳಿಗೆ ರಕ್ತ ಕೊಡುವ ಮೊದಲು ಅವರ ಸೀರಂ, ಅಂದರೆ ರಕ್ತದ ತಿಳಿ, ಪರೀಕ್ಷಿಸಲು ಹನ್ನೆರಡು ವರ್ಷದಿಂದ ಬಳಸುತ್ತಿದ್ದುದು ಅವನದೇ ಓ ಗುಂಪಿನ ಕೆಂಪು ಕಣ. ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಇಂದು ಬೆಳಿಗ್ಗೆ.

“ಅಬ್ಬಾ, ಎಂಥಾ ಕಣಗಳಮ್ಮಾ ನಿನ್ನವು!” ಡಾಕ್ಟರಮ್ಮ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯ ಬೆನ್ನು ತಟ್ಟಿದರು. ಬಿಳಿ ಕಣಗಳ ಮೇಲೆ ಎದ್ದು ಕಾಣುವ ಅಂಗಾಂಶದ ಗುರುತು ಹೆಚ್ಚಿನವರ ಕೆಂಪು ಕಣಗಳಲ್ಲಿ ಇದ್ದೂ ಇಲ್ಲದಂತಿರುತ್ತದೆ. ಎಲ್ಲೋ ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಢಾಳಾಗಿರುತ್ತದೆ. ಇವಳು ಆ ಪೈಕಿ. ಆ ಗುರುತಿಗೇ ಮೀಸಲಾದ ವಿಶೇಷ ಪರೀಕ್ಷೆಗೆ ಇಂಥ ಕಣಗಳೇ ಬೇಕು.

ದೊಡ್ಡಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಟ್ಯೂಬು ತೊಳೆಯಲು ಬಾರದವಳಿಗೆ ಈ ಮೆರವಣಿಗೆಯೇ! ದಿನದ ಪರೀಕ್ಷೆಯಲ್ಲಿ, ರಕ್ತ ಹೊಂದದು ಎಂಬಂತೆ, ಕಣಗಳು ಆಗಾಗ ವಿನಾಕಾರಣ ಗಂಟುಕಟ್ಟುತ್ತಿದ್ದವು. ಅದಕ್ಕಾಗಿ ಅವನು ಈಗ ಇವಳನ್ನು ಬೈಯುತ್ತಿದ್ದ. ಹಿಂದೆ, ಇವಳಿಗಿಂತ ಮೊದಲಿದ್ದವರನ್ನು ಬೈದಿದ್ದ.

“ನಿಮ್ಮ ಕಾಲ ಮುಗೀತು ಬಿಡಿ ದೊಡ್ಡಣ್ಣ,” ಎಂದ ಗುಮಾಸ್ತ. “ಅವಳ ಫೋಟೋ ಗೋಡೆಗೆ ಹಾಕ್ತಾರಂತೆ.”

“ಯಾಕೆ, ನನ್ನ ಮೈಯಲ್ಲೇನು ನೀರು ಹರೀತಿದ್ಯಾ?”

ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು, ಹಲ್ಲಿನಿಂದ ತೋಳಿಗೆ ಪಟ್ಟಿ ಬಿಗಿದು, ತನ್ನಲ್ಲೂ ಆ ಗುರುತಿದೆಯೇ ನೋಡಿಸಲು ತನಗೆ ತಾನೇ ಸೂಜಿ ಚುಚ್ಚಿಕೊಂಡ. ರಕ್ತ ಕೋಟಿನ ಮೇಲೆಲ್ಲ ಚಿಮ್ಮಿತು. ಕಿಟಕಿಯಲ್ಲಿ ಇಣುಕಿದ ಗುಮಾಸ್ತ ಚೀರಿದ: “ಅಯ್ಯಯ್ಯೋ! ದೊಡ್ಡಣ್ಣ ಕೈ ಕೊಯ್ಕೊಂಡ್ರು!”

ನರ್ಸುಗಳು ಬಾಗಿಲು ನೂಕಿ ನುಗ್ಗಿದರು. ಒಬ್ಬಳು ಕಾಲೆತ್ತಿ ಹಿಡಿದಳು, ಇನ್ನೊಬ್ಬಳು ತಲೆಗೆ ನೀರು ಸುರಿದಳು. “ಬಿಡ್ರೇ, ಟ್ಯೂಬು! ಟ್ಯೂಬು!” ಎಂದು ಅವನು ಒದ್ದಾಡಿದ.

ವಿಷಯ ತಿಳಿದ ಡಾಕ್ಟರಮ್ಮ ನಗುತ್ತಲೇ ಅವನ ರಕ್ತಕ್ಕೆ ಆ ಗುರುತು ಹುಡುಕುವ ಸೀರಂ ಬೆರೆಸಿದರು. ಕಣಗಳು ಮುದ್ದೆಯಾದವು.

“ದೊಡ್ಡಣ್ಣ! ನಿಮ್ಮದು ಅವಳದಕ್ಕಿಂತ ಜೋರು!”

“ಕೇಳಿಸ್ತೇನಮ್ಮಾ?” ಅವನು ಹುಡುಗಿಯತ್ತ ತಿರುಗಿ, ಒದ್ದೆ ಕೂದಲು ನೇವರಿಸಿಕೊಂಡ. “ಫೋಟೋ ಈಗಲೇ ತೆಗೀರಿ.”

ಡಾಕ್ಟರಮ್ಮನ ನಗು ಮಾಯವಾಯಿತು. “ಹಾಗಾದ್ರೆ ಇಷ್ಟು ವರ್ಷ ಪರೀಕ್ಷೆ ಕೆಡಿಸ್ತಿದ್ದದ್ದು ನಿಮ್ಮ ಕಣಾನೇ! ಎಷ್ಟೋ ರೋಗಿಗಳ ಸೀರಂಗೆ ಈ ಗುರುತು ಕಂಡ್ರಾಗಲ್ಲ. ದಿನದ ಕೆಲಸಕ್ಕೆ ಇಂಥದ್ದು ಬರಲೇಬಾರದು. ನಾಳೆಯಿಂದ ನಿಮ್ಮದು ಬೇಡ.”

“ಮತ್ತೆ... ಆ ವಿಶೇಷ ಪರೀಕ್ಷೆಗಾದ್ರೂ?”

“ಅದಕ್ಕೆ ಅವಳದೇ ಸಾಕಲ್ವಾ?”

ಗುಮಾಸ್ತ ಕೈಯೆತ್ತಿದ. “ಮೇಡಂ, ನಂದೂ ಓ ಗುಂಪೇ. ಆದ್ರೆ ನನ್ನಲ್ಲಿ ಏನೂ ವಿಶೇಷ ಇರಲಿಕ್ಕಿಲ್ಲ.”

“ನಂಗೆ ಬೇಕಾದ್ದೂ ಅದೇ!”

ಅವನ ರಕ್ತಕ್ಕೂ ಅದೇ ಸೀರಂ ಬೆರೆಸಿ ಪರೀಕ್ಷಿಸಿದರು. ಒಂದು ಕಣವೂ ಇನ್ನೊಂದಕ್ಕೆ ಅಂಟಲಿಲ್ಲ. ನಾಳೆಯ ಕೆಲಸಕ್ಕೆ ಅವನ ರಕ್ತ ತೆಗೆದಿಡುವಂತೆ ದೊಡ್ಡಣ್ಣನಿಗೇ ಹೇಳಿ ಡಾಕ್ಟರಮ್ಮ ಹೊರಟರು.

ಗುಮಾಸ್ತ ಕುರ್ಚಿಗೊರಗಿ ತೋಳು ಚಾಚಿದ.

“ಮೆಲ್ಲಗೆ ಚುಚ್ಚಿ ದೊಡ್ಡಣ್ಣ. ಇನ್ಮೇಲೆ ದಿನಾ ಬೇಕಾಗೋ ಮಾಲು.”