ಅನಧಿಕೃತ ನಾಚಿಕೆ

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಶಿವಾಜಿನಗರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಜಿಯಾವುಲ್ಲಾ ಸಾಹೇಬರು. ಐದು ಹೊತ್ತಿನ ನಮಾಜು ತಪ್ಪಿಸದವರು, ಬಾಯಿಗೆ ಬಂದದ್ದನ್ನು ಆಡುವವರಲ್ಲ. ಆದ್ದರಿಂದ ನಾನು ಅನುಮಾನಿಸಲಿಲ್ಲ, ಓದುವವರೂ ಅನುಮಾನಿಸಬೇಕಾಗಿಲ್ಲ.

ಹಲಸೂರು ಕೆರೆಗೆ ಕೂಗಳತೆಯಲ್ಲಿ, ಅಂಗಡಿಗಳ ನಾಮಫಲಕಕ್ಕೆ ಅನುಮತಿ ಕೊಡುವ ಕಚೇರಿಯೊಂದಿದೆ. ಅಲ್ಲಿ ಹೋದ ವೈಶಾಖದಿಂದ ನೌಕರರೆಲ್ಲರಿಗೂ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನಾಚಿಕೆ ಬರುತ್ತಿತ್ತು.

ಅದು ಬಂದ ಬಗೆ ಹೀಗೆ. ಮುಖ್ಯಾಧಿಕಾರಿ ಮುನಿಆಂಜನಪ್ಪನವರ ಷಡ್ಡಕರಿಗೆ ಕಲ್ಯಾಣ ನಗರದಲ್ಲಿ ಗೋದಾಮು. ಅದರಲ್ಲಿ ನಿಯಾಸಿನ್ ಎಂಬ ವಿಟಮಿನ್ ಮಾತ್ರೆಯ ಡಬ್ಬಿಗಳು ರಾಶಿ ಬಿದ್ದಿದ್ದವು. ಅವಧಿ ಮುಗಿಯಲು ನಾಲ್ಕೇ ತಿಂಗಳು ಉಳಿದಿತ್ತು. ಅದೇ ವಾರ ಮುನಿಆಂಜನಪ್ಪನವರಿಗೆ ನೌಕರರ ಆರೋಗ್ಯದ ಕಾಳಜಿ ಹುಟ್ಟಿತು. ಇವೆರಡಕ್ಕೂ ಸಂಬಂಧವಿಲ್ಲವೆಂದು ಕಡತದಲ್ಲಿ ಬರೆದಿದೆ.

ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯಲ್ಲಿ, ಮಾತ್ರೆ ನುಂಗಿದವರಿಗೆ ಸ್ವಲ್ಪ ಹೊತ್ತಿನಲ್ಲಿ ‘ಫ್ಲಶ್’ ಆಗುತ್ತದೆ ಎಂದಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ಗುಮಾಸ್ತೆ ಹಂಸ ಅವರ ಪಾಲಿಗೆ ಬಂತು. ನಿಘಂಟಿನಲ್ಲಿ ಆ ಪದಕ್ಕೆ ಮೊದಲ ಅರ್ಥ, ಕಕ್ಕಸಿಗೆ ನೀರು ಬಿಡುವುದು. ಸರ್ಕಾರಿ ಕಾಗದದಲ್ಲಿ ಅದು ಸಭ್ಯವಲ್ಲವೆಂದು ಅವರು ಬಿಟ್ಟರು. ಎರಡನೆಯದು, ನಾಚಿಕೆಯಿಂದ ಮುಖ ಕೆಂಪೇರುವುದು. ಕಾಗದದಲ್ಲಿ ಜಾಗ ಕಡಿಮೆಯಿದ್ದುದರಿಂದ ನಾಚಿಕೆ ಎಂದಷ್ಟೇ ಬರೆದರು. ಸುತ್ತೋಲೆ ಹೊರಟಿತು:

“ಎಲ್ಲ ನೌಕರರು ದಿನವೂ ಹತ್ತೂವರೆಗೆ ಐನೂರು ಮಿಲಿಗ್ರಾಂನ ಒಂದು ಮಾತ್ರೆ ಸೇವಿಸತಕ್ಕದ್ದು. ಅರ್ಧ ಗಂಟೆಯೊಳಗೆ ನಾಚಿಕೆ ಬರತಕ್ಕದ್ದು. ನಾಚಿಕೆ ಬಾರದ ಗುತ್ತಿಗೆ ನೌಕರರ ಗುತ್ತಿಗೆಯನ್ನು ನವೀಕರಿಸತಕ್ಕದ್ದಲ್ಲ. ಮುಖ್ಯಾಧಿಕಾರಿಗಳಿಗೆ ನಾಚಿಕೆಯಿಂದ ವಿನಾಯಿತಿ ಇರುತ್ತದೆ.”

ಹನ್ನೊಂದಾಯಿತೆಂದರೆ ಎಲ್ಲರ ಮುಖ, ಕಿವಿ ಕೆಂಪಾಗಿ, ಮೈ ಬಿಸಿಯೇರಿ ಕೆರೆತ ಶುರುವಾಗುತ್ತಿತ್ತು. ಹಂಸ ಹಾಜರಿ ಪುಸ್ತಕದಲ್ಲಿ ‘ನಾ’ ಎಂದು ಗುರುತು ಹಾಕುತ್ತಿದ್ದರು. ಅರ್ಜಿ ಹಿಡಿದು ಬಂದ ಜನ, ಈ ಕಚೇರಿಯಲ್ಲಿ ಇಂಥದ್ದು ನೋಡಿರಲಿಲ್ಲವೆಂದು ಮೆಚ್ಚಿ ಹೋದರು.

ಮೂರನೇ ವಾರಕ್ಕೆ ಕೆಂಪು ಇಳಿಯಿತು. ದಿನಾ ನುಂಗಿದರೆ ಮೈ ಒಗ್ಗಿಕೊಳ್ಳುವುದು ಆ ಮಾತ್ರೆಯ ಗುಣವಂತೆ.

“ಅಭ್ಯಾಸ ಆಗೋದ್ರೆ ನಾಚಿಕೆ ಬರಲ್ಲ ಸರ್,” ಎಂದು ಮೂವತ್ತು ವರ್ಷ ಸೇವೆ ಸಲ್ಲಿಸಿದ ಗುಮಾಸ್ತ ರಾಮಣ್ಣ ವರದಿ ಕೊಟ್ಟರು.

ಅನುಭವಸ್ಥರ ಮಾತೆಂದು ಒಂದು ಮಾತ್ರೆ ಎರಡಾಯಿತು. ರಾಮಣ್ಣನವರ ಶುಗರ್ ಏರಿತು. ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಕಸ ಗುಡಿಸುವ ಪೀರಮ್ಮ ಕಲಬುರಗಿ ಕಡೆಯ ಹೆಣ್ಣುಮಗಳು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ. ರಜೆ ಮುಗಿಸಿ ಊರಿಂದ ಆಗತಾನೆ ಬಂದಿದ್ದಳು. ಸೋಮವಾರ ಅವಳ ಗುತ್ತಿಗೆ ನವೀಕರಣ. ಕೈಗೆ ಕೊಟ್ಟ ಮಾತ್ರೆಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಜಿಯಾವುಲ್ಲಾ ಸಾಹೇಬರ ಅಂಗಡಿಗೆ ಹೋದಳು.

“ಸಾಹೇಬ್ರ, ಹೋದ ವರ್ಷ ನನಗ ಕಾಮಣಿ ಆಗಿತ್ರಿ. ಈ ಗುಳಿಗಿ ನುಂಗ್ಲೋ ಬ್ಯಾಡೋ?”

“ಬೇಡಮ್ಮಾ. ಇದು ಊಟದಲ್ಲೇ ಇರುತ್ತೆ, ಶೇಂಗಾ, ಮೀನು, ಕೋಳಿ. ಕಮ್ಮಿ ಇದ್ದೋರಿಗೆ ಡಾಕ್ಟ್ರೇ ನೋಡಿ ಕೊಡ್ತಾರೆ. ದಿನಕ್ಕೆ ಬೇಕಾಗಿರೋದರ ಮೂವತ್ತು ಪಾಲು ಇದೆ ಒಂದೊಂದು ಮಾತ್ರೆಲಿ. ಕಾಮಾಲೆ ಆದ ಲಿವರು ಇದನ್ನ ತಡಕೊಳ್ಳಲ್ಲ.”

“ನುಂಗಲಿಲ್ಲಂದ್ರ ನಾಚಿಕಿ ಬರಂಗಿಲ್ಲಲ್ರಿ.”

“ಬರದಿದ್ರೆ ಬಿಡು.”

“ನೀವು ಬಿಡಂತೀರಿ. ಅವರು ಕೆಲಸಾನೇ ಬಿಡಸ್ತಾರ್ರಿ.”

ಸಾಹೇಬರು ಅವಳನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರೂ ಬೇಡವೆಂದು ಚೀಟಿ ಬರೆದುಕೊಟ್ಟರು. ಸೋಮವಾರ ಪೀರಮ್ಮ ಅದನ್ನು ಮುನಿಆಂಜನಪ್ಪನವರ ಮುಂದಿಟ್ಟಳು. ಚೀಟಿ ಇಂಗ್ಲಿಷಿನಲ್ಲಿದ್ದುದರಿಂದ ಭಾಷಾಂತರಕ್ಕೆ ಹೋಯಿತು.

“ಮಾತ್ರೆ ಇಲ್ಲ, ನಾಚಿಕೆ ಇಲ್ಲ. ನಾನೇನ್ ಮಾಡ್ಲಮ್ಮ? ರೂಲ್ಸು,” ಎಂದರು ಮುನಿಆಂಜನಪ್ಪ. “ಹೋಗೋ ಮುಂಚೆ ಇಲ್ಲೊಂದು ಸೈನ್ ಹಾಕು.”

ಅದು ಸಾಮಾನು ತಲುಪಿತೆಂದು ಸೈನ್ ಹಾಕಿಸಿಕೊಳ್ಳುವ ಪುಸ್ತಕ. ಪೀರಮ್ಮ ಏಳನೇ ಇಯತ್ತೆ ಓದಿದವಳು, ನಿಧಾನವಾಗಿ ಓದಿದಳು. ಪೊರಕೆ ಹನ್ನೆರಡು, ಫಿನಾಯಿಲ್ ಇಪ್ಪತ್ತನಾಲ್ಕು ಬಾಟಲಿ.

“ನನಗ ಕೊಟ್ಟಿದ್ದು ಒಂದ ಕಸಬರಗಿ ಅಲ್ರೀ?”

“ಎಲ್ಲಾರೂ ಹಂಗೇ ಹಾಕೋದು. ಹಾಕು, ಹಾಕು.”

ಪೆನ್ನು ಹಿಡಿದ ಪೀರಮ್ಮನ ಕುತ್ತಿಗೆ ಕೆಂಪಾಯಿತು, ಆಮೇಲೆ ಕಿವಿ, ಆಮೇಲೆ ಮುಖ. ಸೈನ್ ಹಾಕದೆ ಪೆನ್ನು ಕೆಳಗಿಟ್ಟಳು. ಹಂಸ ಗಡಿಯಾರ ನೋಡಿದರು.

“ಸರ್, ಬಂತು.”

“ಏನ್ ಬಂತು?”

“ನಾಚಿಕೆ, ಸರ್. ಮಾತ್ರೆ ಇಲ್ದೇನೆ.”

ಮುನಿಆಂಜನಪ್ಪನವರು ಕುರ್ಚಿಯಿಂದ ಎದ್ದರು. ಅಷ್ಟು ವರ್ಷದ ಸೇವೆಯಲ್ಲಿ ಅವರು ಇಂಥ ಪ್ರಕರಣ ಕಂಡಿರಲಿಲ್ಲ.

“ಯಾರ ಅನುಮತಿ ತಗೊಂಡೆ ಇದಕ್ಕೆ?”

“ತಾನಾಗೇ ಬಂತ್ರಿ ಸಾಹೇಬ್ರ.”

“ಅಂದ್ರೆ ಅನಧಿಕೃತ.”

ರಾಮಣ್ಣ ಕೆರೆದುಕೊಳ್ಳುವುದನ್ನು ನಿಲ್ಲಿಸಿ ದಾರಿ ತೋರಿಸಿದರು. “ಅಕ್ರಮ-ಸಕ್ರಮದಲ್ಲಿ ಹಾಕ್ಬಿಡೋಣ ಸರ್. ಮನೆಗಳಿಗೇ ಆಗುತ್ತೆ, ಇದಕ್ಕಾಗಲ್ವಾ? ಅದೂ ಅಲ್ದೆ, ಇವಳದ್ದು ಅಭ್ಯಾಸದಿಂದ ಇಳಿಯೋ ಮಾಲಲ್ಲ ಅನ್ಸುತ್ತೆ.”

ಸಂಜೆಯೊಳಗೆ ಆದೇಶವಾಯಿತು. ಪೀರಮ್ಮನ ನಾಚಿಕೆಯನ್ನು ಸಕ್ರಮಗೊಳಿಸಿ ಗುತ್ತಿಗೆ ನವೀಕರಿಸಲಾಗಿದೆ. ಇನ್ನು ಮುಂದೆ ಆಕೆ ಇಡೀ ಕಚೇರಿಯ ಪರವಾಗಿ ನಾಚಿಕೊಳ್ಳತಕ್ಕದ್ದು. ಉಳಿದ ನೌಕರರು ಮಾತ್ರೆ ಸೇವಿಸುವ ಅಗತ್ಯವಿರುವುದಿಲ್ಲ. ಮಿಕ್ಕ ಡಬ್ಬಿಗಳು, ಅಲ್ಲಿ ಅಗತ್ಯ ಹೆಚ್ಚಿದೆಯೆಂಬ ಟಿಪ್ಪಣಿಯೊಂದಿಗೆ, ಇಂದಿರಾನಗರದ ಇನ್ನೊಂದು ಕಚೇರಿಗೆ ಹೋದವು.

ಈಗ ದಿನವೂ ಹನ್ನೊಂದಕ್ಕೆ ಸಾಮಾನಿನ ಪುಸ್ತಕವನ್ನು ಪೀರಮ್ಮನ ಮುಂದೆ ಬಿಚ್ಚುತ್ತಾರೆ. ರಾಮಣ್ಣ ಸೈನ್ ಹಾಕುತ್ತಾರೆ. ಪೀರಮ್ಮ ಕೆಂಪಾಗುತ್ತಾಳೆ. ಹಂಸ ‘ನಾ’ ಎಂದು ಬರೆಯುತ್ತಾರೆ. ಆಮೇಲೆ ಎಲ್ಲರೂ ಚಹಾಕ್ಕೆ ಹೋಗುತ್ತಾರೆ, ಪೀರಮ್ಮ ಅದೇ ಒಂದು ಪೊರಕೆ ಹಿಡಿದು ಗುಡಿಸುತ್ತಾಳೆ. ರಾಮಣ್ಣನವರ ಶುಗರ್ ಇಳಿದಿದೆ. ದೇವರ ದಯೆಯಿಂದ ಯಾರಿಗೂ ತೊಂದರೆಯಿಲ್ಲ.

ಕೇಳಿದ್ದನ್ನು ನಾನು ಕೂಡಿಸದೆ ಕಳೆಯದೆ ಇಟ್ಟಿದ್ದೇನೆ. ನೀವೂ ಇನ್ನೊಬ್ಬರಿಗೆ ಹೀಗೇ ಹೇಳಿ. ಹೇಳುವಾಗ, ಡಾಕ್ಟರನ್ನು ಕೇಳದೆ ಆ ಮಾತ್ರೆ ನುಂಗಬೇಡಿ ಎಂಬ ಮಾತನ್ನು ಮರೆಯದೆ ಸೇರಿಸಿ. ಸುತ್ತೋಲೆಯಲ್ಲಿ ಅದೊಂದು ಬಿಟ್ಟುಹೋಗಿತ್ತು.