ಪಾಕದ ಮರಿಸ್ವಾಮಿಯ ಹರಕೆ

ರಂಜಿತಳ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ ಗುರುವಾರವೇ ಬಿದ್ದದ್ದು ಎಲ್ಲಕ್ಕೂ ಮೂಲ. ಊರ ಅಂಗನವಾಡಿಗೆ ನರ್ಸು ಯಶೋದಮ್ಮ ಚುಚ್ಚುಮದ್ದಿನ ಡಬ್ಬ ಹಿಡಿದು ಬರುವುದೂ ಗುರುವಾರವೇ. ರಂಜಿತ ಶಾಸ್ತ್ರಕ್ಕೆ ಹೊಣಕೆರೆಗೆ ಹೋಗದಿದ್ದರೆ ತವರಿನವರು ವರ್ಷವಿಡೀ ಮುಖ ತಿರುಗಿಸುತ್ತಿದ್ದರು. ಚುಚ್ಚುಮದ್ದು ತಪ್ಪಿದರೆ ಮೈಸೂರಿನ ಡಾಕ್ಟರು ಬಯ್ಯುತ್ತಿದ್ದರು. ಹಾಗಾಗಿ ಅವಳ ಒಂದೂವರೆ ವರ್ಷದ ಮಗಳು ಚಿನ್ನು ಆ ದಿನದ ಮಟ್ಟಿಗೆ ಅಪ್ಪ ಮರಿಸ್ವಾಮಿಯ ಪಾಲಿಗೆ ಬಂದಳು.

ಚಿನ್ನು ಅನ್ನ, ಹಾಲು, ರಾಗಿ ಗಂಜಿ ಉಂಡುಕೊಂಡು ಗುಂಡಗೇ ಇದ್ದಳು. ಸಿಹಿ ಮಾತ್ರ ಅವಳಿಗೆ ವಿಷ. ಅದನ್ನು ಅರಗಿಸುವ ಯಾವುದೋ ಒಂದು ಅಂಶ ಅವಳ ಪಿತ್ತಜನಕಾಂಗದಲ್ಲಿ ಹುಟ್ಟಿನಿಂದಲೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಬೆಲ್ಲ, ಸಕ್ಕರೆ, ಜೇನು, ಹಣ್ಣು ಯಾವುದೂ ಕೂಡದು. ಅನ್ನ ಮುಟ್ಟಿಸುವ ದಿನ ಬೆಲ್ಲದಲ್ಲಿ ಕಿವುಚಿದ ಬಾಳೆಹಣ್ಣು ತಿನ್ನಿಸಿ, ಮಗು ವಾಂತಿ ಮಾಡಿ, ತಣ್ಣಗೆ ಬೆವರಿ, ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತುಬಿದ್ದದ್ದನ್ನು ಮರಿಸ್ವಾಮಿ ಇನ್ನೂ ಮರೆತಿರಲಿಲ್ಲ.

ಅಂಥ ಮಗುವಿನ ಅಪ್ಪನ ಕಸುಬಾದರೂ ಏನು? ಚೌಡಯ್ಯನ ಆಲೆಮನೆಯಲ್ಲಿ ಪಾಕ ನೋಡುವುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವಾಗ ಒಂದು ತೊಟ್ಟು ನೀರಿಗೆ ಬಿಟ್ಟು, ಉಂಡೆ ಕಟ್ಟಿ, ನಾಲಿಗೆಗಿಟ್ಟು ಅವನು ‘ಹೂಂ’ ಎಂದರೆ ಮಾತ್ರ ಕೊಪ್ಪರಿಗೆ ಇಳಿಯುತ್ತಿತ್ತು. ಪಾಂಡವಪುರದ ಸುತ್ತಿನಲ್ಲಿ ಅಂಥ ನಾಲಿಗೆ ಇನ್ನೊಂದಿಲ್ಲ ಎಂದು ಹೆಸರು. ಆ ಹೆಸರನ್ನು ಉಳಿಸಿಕೊಳ್ಳಲು ಅವನು ದಿನಕ್ಕೆ ಹತ್ತಾರು ಸಲ ತುಂಬ ಶ್ರದ್ಧೆಯಿಂದ ಬೆಲ್ಲ ತಿನ್ನುತ್ತಿದ್ದ. ಆಲೆ ಶುರುವಾಯಿತೆಂದರೆ ಮನೆಗೆ ಬರುವುದು ಉಣ್ಣಲು ಮಾತ್ರ.

ಬಸ್ಸು ಹತ್ತುವ ಮುಂಚೆ ರಂಜಿತ ಮತ್ತೊಂದು ಸಲ ಪಾಠ ಒಪ್ಪಿಸಿದಳು.

"ಇಗಾ, ಕೇಳುಸ್ಕಳಿ. ಸೂಜಿ ಆದ್ಮೇಲೆ ಜ್ವರ ಬತ್ತದೆ. ಕಾಲು ಗುಳಿಗೆ ಪುಡಿ ಮಾಡಿ ಹಾಲಲ್ಲಿ ಕುಡುಸಿ. ಸಿರಪ್ಪು ಕೊಟ್ರೆ ಬ್ಯಾಡ ಅನ್ನಿ, ಅದ್ರಲ್ಲಿ ಸಕ್ರೆ ಪಾಕ ಇರ್ತದೆ. ಹಸ್ಕಂಡು ಮಲಗಕ್ಕೆ ಮಾತ್ರ ಬುಡಬ್ಯಾಡಿ. ಉಣ್ಸಿ ಮಲಗ್ಸಿ."

"ಗೊತ್ತು ಬುಡಮ್ಮಿ. ನಾನೇನ್ ಚಿಕ್ಕ ಮಗಾನಾ?"

"ಚಿಕ್ಕ ಮಗಾ ಆಗಿದ್ರೆ ಇಷ್ಟು ಯೋಳ್ತಿರ್ಲಿಲ್ಲ," ಎಂದು ರಂಜಿತ ಬಸ್ಸು ಹತ್ತಿದಳು.

ಅಂಗನವಾಡಿಯ ಮುಂದೆ ಹತ್ತಿಪ್ಪತ್ತು ಹೆಂಗಸರ ನಡುವೆ ಮರಿಸ್ವಾಮಿ ಒಬ್ಬನೇ ಗಂಡಸು, ಬದನೆ ಮಡಿಯಲ್ಲಿ ಎದ್ದ ಜೋಳದ ಕಡ್ಡಿಯಂತೆ ನಿಂತಿದ್ದ. ಯಶೋದಮ್ಮ ಸೂಜಿ ಚುಚ್ಚಿದಳು. ಚಿನ್ನು ಒಂದು ಗಳಿಗೆ ಯೋಚಿಸಿ, ಆಮೇಲೆ ಆಲೆಮನೆಯ ಇಂಜಿನ್ನೇ ನಾಚುವಂತೆ ಬಾಯಿ ತೆರೆದಳು.

ಅಷ್ಟೇ ಸಾಕಾಯಿತು. ನಾಲ್ಕು ಕಡೆಯಿಂದ ಕೈಗಳು ಬಂದವು. ಒಂದರಲ್ಲಿ ಕಲ್ಲುಸಕ್ಕರೆ, ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಪೆಪ್ಪರ್‌ಮೆಂಟು. ಪಕ್ಕದ ಮನೆಯ ಸೋಮಮ್ಮ ಸೆರಗಿನ ಗಂಟಿನಿಂದ ಬಾಳೆಹಣ್ಣನ್ನೇ ತೆಗೆದು ಸುಲಿದಳು.

"ಬ್ಯಾಡಿ, ಬ್ಯಾಡಿ! ಮಗೀಗೆ ಸಿಹಿ ಆಗಕಿಲ್ಲ," ಎಂದು ಮರಿಸ್ವಾಮಿ ಮಗುವನ್ನು ಆ ಹೆಗಲಿಂದ ಈ ಹೆಗಲಿಗೆ ಎಸೆದುಕೊಂಡ.

"ಸಕ್ರೆ ಕಾಯ್ಲೆನಾ? ನಮ್ಮ ಮಾವಂಗೂ ಅದೆ. ಕದ್ದು ತಿಂತದೆ, ಕಲ್ಲುಗುಂಡಿದ್ದಂಗದೆ," ಎಂದಳು ಒಬ್ಬಳು.

"ಅದಲ್ಲ ಕಣಕ್ಕ. ಇದು ಬ್ಯಾರೆ. ಹುಟ್ಟಿಂದ್ಲೇ ಅರಗಕಿಲ್ಲ. ಹಣ್ಣೂ ಆಗಕಿಲ್ಲ."

"ಪಾಂಡವಪುರ್ದಲ್ಲಿ ಹುಟ್ಟಿ ಬೆಲ್ಲ ಆಗಕಿಲ್ವಂತೆ! ಮೀನ್ಗೆ ನೀರಾಗಕಿಲ್ಲ ಅನ್ನು," ಎಂದಳು ಸೋಮಮ್ಮ. "ಲೇ ಮರಿಸ್ವಾಮಿ, ಡಾಕ್ಟ್ರು ಮಾತು ಕೇಳಿ ಮಗೀನ ಬಾಯಿ ಸಾಯುಸ್ಬ್ಯಾಡ ಕಣ್ಲಾ. ನಾನು ಆರು ಮಕ್ಕಳ ಸಾಕಿವ್ನಿ. ಒಂದು ಚೂರು, ಇಷ್ಟೇ ಇಷ್ಟು."

ಯಶೋದಮ್ಮ ಮಾತ್ರ ಅವನ ಮಾತು ನಂಬಿ, ಸಿರಪ್ಪಿನ ಸೀಸೆಯನ್ನು ಒಳಗಿಟ್ಟು ಗುಳಿಗೆ ಕೊಟ್ಟಳು. ಆದರೆ ಅವಳಿಗೆ ಇನ್ನೂ ಚುಚ್ಚಬೇಕಾದ ಮಕ್ಕಳಿದ್ದವು. ಬಾಳೆಹಣ್ಣು ಚಿನ್ನುವಿನ ಮೂಗಿನವರೆಗೆ ಬಂತು. ಮರಿಸ್ವಾಮಿ ಪಕ್ಕಕ್ಕೆ ತಿರುಗಿದ; ಅಷ್ಟರಲ್ಲಾಗಲೇ ಮಗು ಮುಖವನ್ನು ಅಪ್ಪನ ಕತ್ತಿಗೆ ಒತ್ತಿತ್ತು. ತಾನು ತಿರುಗಿದ್ದರಿಂದಲೇ ಮಗು ಉಳಿಯಿತೆಂದು ಅವನು ತಿಳಿದ. ಮತ್ತೆ ಬಂದ ಬಾಳೆಹಣ್ಣನ್ನು ನೋಡಿ, ಬುದ್ಧಿಗೆ ಮುಂಚೆ ಅವನ ಬಾಯಿ ಓಡಿತು.

"ಹರಕೆ ಕಣಮ್ಮೋ! ಕರಿಘಟ್ಟದ ಸ್ವಾಮಿಗೆ ಹರಕೆ ಹೊತ್ತಿವ್ನಿ. ಮಗಾ ಸಿಹಿ ಮುಟ್ಟಂಗಿಲ್ಲ!"

ಕೈಗಳೆಲ್ಲ ನಿಂತವು. ಕಲ್ಲುಸಕ್ಕರೆ ಸೆರಗಿಗೆ ಹೋಯಿತು, ಬಿಸ್ಕತ್ತು ಪೊಟ್ಟಣಕ್ಕೆ ಹೋಯಿತು. ಸೋಮಮ್ಮ ಬಾಳೆಹಣ್ಣನ್ನು ಬೆನ್ನ ಹಿಂದೆ ಬಚ್ಚಿಟ್ಟು, ಇನ್ನೊಂದು ಕೈಯಲ್ಲಿ ಕೆನ್ನೆ ಬಡಿದುಕೊಂಡಳು.

"ತಪ್ಪಾಯ್ತಪ್ಪ ನನ್ನೊಡೆಯ! ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ? ಕಾಯ್ಲೆ ಗೀಯ್ಲೆ ಅಂತ ಏನೇನೋ ಒದರ್ತಿಯಲ್ಲ!"

ಮೈಸೂರಿನ ದೊಡ್ಡ ಡಾಕ್ಟರಿಂದ ಆಗದ್ದು ಒಂದು ಸುಳ್ಳಿನಿಂದ ಆಯಿತು. ಮರಿಸ್ವಾಮಿ ಗೆದ್ದ ಟಗರಿನಂತೆ ಮನೆಗೆ ನಡೆದ.

ಮನೆಯಲ್ಲಿ ಕಾಲು ಗುಳಿಗೆಯನ್ನು ಪುಡಿ ಮಾಡಿ ಹಾಲಿಗೆ ಬೆರೆಸಿದ. ಬೆರಳಲ್ಲಿ ರುಚಿ ನೋಡಿದರೆ ಬೇವಿನ ಮರವೇ ಬಾಯಿಗೆ ಬಿದ್ದಂತಾಯಿತು. ಇದನ್ನು ಕುಡಿಸುವುದು ಹೇಗೆ ಎಂದು ದೇವರನ್ನು ನೆನೆಯುತ್ತ ಹಾಲು ಕುಡಿಸುವ ಒಳಲೆಯನ್ನು ಮುಂದೆ ಹಿಡಿದ. ಚಿನ್ನು ಗಟಗಟ ಕುಡಿದು, ತುಟಿ ಚಪ್ಪರಿಸಿ, ಇನ್ನೂ ಬೇಕೆಂದು ಕೈ ಚಾಚಿದಳು. ಇದೆಂಥ ನಾಲಿಗೆಯೋ ಎಂದುಕೊಂಡನೇ ಹೊರತು ಪಾಕದ ಪಂಡಿತ ಅದಕ್ಕಿಂತ ಮುಂದಕ್ಕೆ ಯೋಚಿಸಲಿಲ್ಲ.

ಅನ್ನ ಹಾಲು ಉಣ್ಣಿಸಿದ್ದೂ ಆಯಿತು. ಉಳಿದದ್ದು ನಿದ್ದೆ. ಅದು ಮಾತ್ರ ಬರಲಿಲ್ಲ. ತೊಟ್ಟಿಲು ತೂಗಿದ, ಹೆಗಲ ಮೇಲೆ ಹಾಕಿ ತಟ್ಟಿದ, ತನಗೆ ಗೊತ್ತಿದ್ದ ಒಂದೇ ಹಾಡನ್ನು ಹಾಡಿದ. ಹಾಡಿದ ಮೇಲೆ ಅಳು ಹೆಚ್ಚಾಯಿತು. ಜ್ವರದ ಮಗು ನಿದ್ದೆಯಿಲ್ಲದೆ ಕೆಂಪಾಗಿ ಒದರುತ್ತಿತ್ತು. ಕೊನೆಗೆ ಅವನಿಗೆ ಹೊಳೆಯಿತು: ಹಿತ್ತಲ ಆಚೆಯೇ ಇರುವ ಆಲೆಮನೆಯ ಗಾಣದ ಇಂಜಿನ್ನು ಡುಗುಡುಗು ಎನ್ನುವಾಗಲೇ ದಿನವೂ ಮಗು ಮಲಗುವುದು. ಇವತ್ತು ಗಾಳಿ ಆ ಕಡೆ ಬೀಸಿ ಸದ್ದು ಸರಿಯಾಗಿ ಬರುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಸೀದಾ ಆಲೆಮನೆಗೇ ನಡೆದ.

ಆಲೆಮನೆಗೆ ಕಾಲಿಟ್ಟವರು ಬಾಯಿ ಸಿಹಿ ಮಾಡದೆ ಹೋಗುವಂತಿಲ್ಲ. ಹೋದರೆ ಯಜಮಾನನಿಗೆ ಅವಮಾನ. ಆದರೆ ಅವತ್ತು ಯಾರೂ ಮಗುವಿನ ಹತ್ತಿರ ಬೆಲ್ಲ ತರಲಿಲ್ಲ. ಹರಕೆಯ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಚೌಡಯ್ಯನ ತಾಯಿ ಚಿಕ್ಕಬೋರಮ್ಮ ಎದ್ದು ನಿಂತಳು. ಶಂಖ ಜಾಗಟೆಯ ದಾಸಯ್ಯ, ಊರಿನ ಹರಕೆಗಳ ಲೆಕ್ಕವನ್ನೆಲ್ಲ ಬಲ್ಲವನು, ಬಿಸಿ ಬೆಲ್ಲಕ್ಕೆಂದು ಬಂದವನು ಅಲ್ಲೇ ಇದ್ದ.

"ಗಡುವು ಯಾವತ್ತು?" ಎಂದ ದಾಸಯ್ಯ.

"ಯಾವ ಗಡುವು?"

"ಹರಕೆದು ಕಣಪ್ಪ. ಗಡುವು ಇಲ್ದಿರೋ ಹರಕೆ ದಾರ ಇಲ್ದಿರೋ ಗಾಳಿಪಟ ಇದ್ದಂಗೆ. ಎಲ್ಲಿ ಬಿದ್ದಾತು ಯೋಳಕಾಗಲ್ಲ. ಮಕ್ಕಳ ಮೇಲೇ ಬೀಳೋದು."

ಚೌಡಯ್ಯ ತೊಡೆ ತಟ್ಟಿದ. ಒಳ್ಳೆಯ ಮನುಷ್ಯ, ಅವನ ಒಳ್ಳೆಯತನಕ್ಕೆ ಸಿಕ್ಕವರು ತಪ್ಪಿಸಿಕೊಳ್ಳುವುದು ಕಷ್ಟ. "ಗಡುವು ಗಿಡುವು ಯಾಕ್ಲಾ? ಇವತ್ತೇ ತೀರ್ಸ್‌ಬುಡಣ. ನಮ್ಮ ಆಳು ಮಗಾ ಅಂದ್ರೆ ನಮ್ಮ ಮಗಾ. ಬೆಲ್ಲದ ತುಲಾಭಾರ ಮಾಡ್ಸಣ. ತಕ್ಕಡಿ ನಮ್ದು, ಬೆಲ್ಲ ನಮ್ದು. ಸ್ವಾಮಿ ಪಟಾನೂ ಅದೆಯಲ್ಲ!"

ಒಲೆಯ ಮೇಲುಗಡೆ ಹೊಗೆ ಹಿಡಿದ ಕರಿಘಟ್ಟದ ಸ್ವಾಮಿ ಪಟದೊಳಗಿಂದ ಎಲ್ಲವನ್ನೂ ನೋಡುತ್ತಿದ್ದ.

"ಬ್ಯಾಡಿ ಚೌಡಣ್ಣ, ಮಗೀಗೆ ಜ್ವರ..."

"ಜ್ವರ ಯಾಕ್ ಬಂತು ಮತ್ತೆ? ಹರಕೆ ಬಾಕಿ ಉಳ್ಕಂಡೇ!" ಎಂದಳು ಚಿಕ್ಕಬೋರಮ್ಮ. ಸೂಜಿಯನ್ನು ಎಲ್ಲರೂ ಮರೆತಿದ್ದರು.

ಅಚ್ಚು ತೂಗುವ ದೊಡ್ಡ ತಕ್ಕಡಿಗೆ ಗೋಣಿ ಹಾಸಿ ಚಿನ್ನುವನ್ನು ಕೂರಿಸಿದರು. ಆಚೆ ತಟ್ಟೆಗೆ ಬೆಲ್ಲದಚ್ಚು ಬೀಳುತ್ತ ಹೋಯಿತು. ಇಂಜಿನ್ನು ಡುಗುಡುಗು ಎನ್ನುತ್ತಿತ್ತು, ತಟ್ಟೆ ತೊಟ್ಟಿಲಂತೆ ತೂಗುತ್ತಿತ್ತು. ಬೆಳಿಗ್ಗೆಯಿಂದ ಅಪ್ಪನಿಗೆ ದಕ್ಕದಿದ್ದ ನಿದ್ದೆ ತಕ್ಕಡಿಯಲ್ಲಿ ಬಂದುಬಿಟ್ಟಿತು. ಚಿನ್ನು ಬಾಯಿ ತೆರೆದುಕೊಂಡು ಮಲಗಿದಳು.

"ನೋಡಿ, ಸ್ವಾಮಿ ಒಪ್ಕಂಡ," ಎಂದು ದಾಸಯ್ಯ ಬಿಸಿ ಬೆಲ್ಲದ ಚೂರನ್ನು ಊದಿ ಆರಿಸಿದ. "ಇನ್ನು ಮೊದ್ಲ ಸಿಹಿ ಮಗೀನ ಬಾಯ್ಗೆ."

ತೆರೆದ ಬಾಯಿ, ಹತ್ತಿರ ಬರುತ್ತಿರುವ ಬೆಲ್ಲ. ತೋಳಿನ ಮೇಲೆ ಜೋತುಬಿದ್ದ ಮಗು ಮರಿಸ್ವಾಮಿಯ ಕಣ್ಣ ಮುಂದೆ ಬಂತು. ಹಾರಿ ದಾಸಯ್ಯನ ಕೈ ಹಿಡಿದ.

"ಹರಕೆ ಮಗೀಂದಲ್ಲ! ನಂದು! ಸಿಹಿ ಬುಟ್ಟಿರೋನು ನಾನು!"

ಗಾಣಕ್ಕೆ ಕಬ್ಬು ಕೊಡುತ್ತಿದ್ದ ನಾಗರಾಜು ತಿರುಗಿ ನೋಡಿದ.

"ಯಾವಾಗ್ಲಿಂದ ಬುಟ್ಟೆ?" ಎಂದ ಚೌಡಯ್ಯ. "ನೆನ್ನೆ ಸಾಯಂಕಾಲ ಅರ್ಧ ಅಚ್ಚು ಮುರ್ಕಂಡ್ಯಲ್ಲಾ?"

"ಅದೇ ಕಡೇದು. ಇವತ್ತಿಂದ ಬುಟ್ಟೆ."

"ಎಲ್ಲಿಗಂಟ?" ಎಂದ ದಾಸಯ್ಯ.

ತಿಂಗಳು ಎಂದರೆ ತಿಂಗಳಾದ ಮೇಲೆ ಮತ್ತೆ ಇದೇ ತಕ್ಕಡಿ. ವರ್ಷ ಎಂದರೆ ವರ್ಷಕ್ಕೆ ಇದೇ ಬೆಲ್ಲ. ಮರಿಸ್ವಾಮಿ ಕಣ್ಣು ಮುಚ್ಚಿ, "ಜೀವ ಇರೋಗಂಟ," ಎಂದ.

ದಾಸಯ್ಯ ಶಂಖ ಊದಿದ. ಮರಿಸ್ವಾಮಿಯ ಬಲಗೈಗೆ ಅರಿಶಿನದ ದಾರ ಬಿತ್ತು. ಚೌಡಯ್ಯ ಕಣ್ಣೊರೆಸಿಕೊಂಡು, "ನಾಳಿಂದ ಪಾಕ ನಾಗರಾಜು ನೋಡ್ಲಿ. ನಿನ್ನ ಹರಕೆ ನಾನು ಕೆಡ್ಸಾಕಿಲ್ಲ. ನೀನು ಗಾಣಕ್ಕೆ ಕಬ್ಬು ಕೊಡು," ಎಂದು ದೊಡ್ಡ ಮನಸ್ಸು ಮಾಡಿದ.

ಶಂಖದ ಸದ್ದಿಗೆ ಚಿನ್ನು ಎಚ್ಚೆತ್ತು ಅಳತೊಡಗಿದಳು. ಚಿಕ್ಕಬೋರಮ್ಮ ತಕ್ಕಡಿಯ ಹತ್ತಿರ ಓಡಿ ಬಂದಳು. "ಅಯ್ಯೋ ನನ್ನ ಕಂದ! ಹರಕೆ ಅಪ್ಪಂದಾದ್ಮೇಲೆ ನಿಂಗ್ಯಾವ ಅಡ್ಡಿ!" ಎನ್ನುತ್ತ ತಟ್ಟೆಯ ಬೆಲ್ಲವನ್ನು ಚಿವುಟಿ ಮಗುವಿನ ಬಾಯಿಗೆ ತುರುಕಿಯೇ ಬಿಟ್ಟಳು.

"ಅವ್ವಾ!" ಎಂದು ಮರಿಸ್ವಾಮಿ ಕೂಗಿ ನೆಗೆಯುವಷ್ಟರಲ್ಲಿ ಚಿನ್ನು ಮುಖ ಕಿವುಚಿದಳು. ಹುಳ ಕಚ್ಚಿದವಳಂತೆ ತಲೆ ಕೊಡವಿ, "ಥೂ!" ಎಂದು ಉಗಿದಳು. ಬೆಲ್ಲದ ಚೂರು ದಾಸಯ್ಯನ ನಾಮಕ್ಕೆ ಅಂಟಿಕೊಂಡಿತು. ಮರಿಸ್ವಾಮಿ ಮಗುವನ್ನು ಬಾಚಿಕೊಂಡು ಬಾಯಿ ತೊಳೆಸಿ, ಮನೆಯ ಜಗುಲಿಯಲ್ಲಿ ಕೂತು, ಸಂಜೆಯವರೆಗೆ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದ. ವಾಂತಿಯಿಲ್ಲ, ಬೆವರಿಲ್ಲ. ಜ್ವರವೂ ಇಳಿದು ಮಗು ಅವನ ಕೈಯ ಹೊಸ ದಾರ ಹಿಡಿದು ಆಡುತ್ತಿತ್ತು.

ಸಂಜೆ ಬಸ್ಸಿಗೆ ಬಂದ ರಂಜಿತ ಎಲ್ಲವನ್ನೂ ಕೇಳಿದಳು. ಮಗುವಿನ ಕಣ್ಣು, ನಾಲಿಗೆ, ಹೊಟ್ಟೆ ನೋಡಿ ಉಸಿರುಬಿಟ್ಟಳು.

"ಒಳೀಕೋಗಿಲ್ಲ ಬುಡಿ. ಬೆಲ್ಲ, ಹಣ್ಣು ಯಾರು ಬಾಯ್ಗಿಕ್ಕಿದ್ರೂ ಅವ್ಳು ಉಗೀತಾಳೆ. ಸಿಹಿ ಅಂದ್ರೇ ಆಗಕಿಲ್ಲ ಅವ್ಳಿಗೆ. ಇಂಥ ಮಕ್ಕಳು ಅಂಗೇ ಅಂತ ಡಾಕ್ಟ್ರೂ ಅಂದವ್ರೆ. ಕಹಿ ಅಂದ್ರೆ ಇಷ್ಟ. ಕಹಿ ಜತೆ ಸಿಹಿ ಬೆರ್ತಿರೋ ಸಿರಪ್ಪು ಒಂದೇ ನಂಗೆ ಭಯ, ಗೊತ್ತಾಗ್ದೆ ನುಂಗ್ಬುಡ್ತಾಳೆ. ಅದುಕ್ಕೇ ಅದೊಂದ ಯೋಳಿ ಹೋಗಿದ್ದು."

"ಉಗೀತಾಳೆ ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ?"

"ನಿಮ್ಮ ಮಗಳು ಏನ್ ತಿಂತಾಳೆ, ಏನ್ ಉಗೀತಾಳೆ ಅಂತ ನಿಮ್ಗೆ ಗೊತ್ತಿಲ್ಲ ಅಂತ ನಂಗೇನ್ ಗೊತ್ತು?"

ರಂಜಿತ ಚೀಲದಿಂದ ಡಬ್ಬ ತೆಗೆದಳು. ತಂಗಿಯ ಮನೆಯ ಹೋಳಿಗೆ; ಅವನಿಗಾಗಿಯೇ ಕಟ್ಟಿಸಿಕೊಂಡು ಬಂದದ್ದು. ಮುಚ್ಚಳ ಬಿಚ್ಚಿದ ಕೂಡಲೇ ಏಲಕ್ಕಿ ತುಪ್ಪದ ಘಮ ಜಗುಲಿಯೆಲ್ಲ ಹಬ್ಬಿತು. ಮರಿಸ್ವಾಮಿ ಬೀದಿಯ ಆ ತುದಿ ಈ ತುದಿ ನೋಡಿದ. ಯಾರೂ ಇರಲಿಲ್ಲ. ಮೆಲ್ಲಗೆ ಕೈ ಚಾಚಿದ.

"ರಂಜಿತಾ!" ಪಕ್ಕದ ಗೋಡೆಯ ಮೇಲೆ ಸೋಮಮ್ಮನ ತಲೆ ಎದ್ದಿತು. "ಮರೆತು ಅವಂಗೆ ಕೊಟ್ಬುಟ್ಟೀಯೆ ಕಣವ್ವ! ಜೀವ ಇರೋಗಂಟ ಹರಕೆ! ಅವ್ನ್ ಬಾಯಿ ಮ್ಯಾಲೆ ಒಂದು ಕಣ್ಣಿಟ್ಟಿರಿ ಅಂತ ದಾಸಯ್ನೋರು ಮನೆಮನೇಗೂ ಯೋಳೋಗವ್ರೆ!"

ಮರಿಸ್ವಾಮಿ ಚಾಚಿದ ಕೈಯನ್ನು ಹಾಗೇ ತಿರುಗಿಸಿ ಮಗುವಿನ ತಲೆ ಸವರಿದ. ರಂಜಿತ ಡಬ್ಬದಿಂದ ಒಂದು ಹೋಳಿಗೆಯನ್ನು ಗೋಡೆಯ ಆಚೆ ಸೋಮಮ್ಮನಿಗೆ ಕೊಟ್ಟು, ಇನ್ನೊಂದನ್ನು ತಾನು ಮುರಿದು ಬಾಯಿಗಿಟ್ಟುಕೊಂಡಳು.

ಚಿನ್ನು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಜಗುಲಿಯಲ್ಲೇ ಬಿದ್ದಿದ್ದ ಹಾಲಿನ ಒಳಲೆಯನ್ನು ಎತ್ತಿ, ತಳದಲ್ಲಿ ಉಳಿದಿದ್ದ ಕಹಿ ಗುಳಿಗೆಯ ಗಸಿಯನ್ನು ತುಂಬ ಪ್ರೀತಿಯಿಂದ ಅವನ ಬಾಯಿಗೆ ಹಿಡಿದಳು.